ಟಾಕೀಸಿನಲ್ಲಿ ಕೇಳಿದ ಗೆಜ್ಜೆ

ಆ ನಿರ್ದೇಶಕನ ಮೊದಲ ಚಿತ್ರದಲ್ಲಿ ಸೋರುವ ಪೊಲೀಸ್ ಠಾಣೆಯೊಂದಿತ್ತು. ಕಳ್ಳನೂ ಪೇದೆಯೂ ಸೇರಿ, ಹನಿ ಬಿದ್ದಲ್ಲೆಲ್ಲ ಬಕೆಟ್ ಸರಿಸುತ್ತಿದ್ದರು. ನನ್ನಾಕೆ ನಕ್ಕು ನಕ್ಕು ಕಣ್ಣೊರೆಸಿಕೊಂಡಿದ್ದಳು. ಆಮೇಲೆ ನಾನು ಆರಿಸಿದ ಸಿನಿಮಾಗಳೆಲ್ಲ ಅವಳಿಗೆ ಆಕಳಿಕೆ ತರಿಸಿದವು.

"ಇದೊಂದು ನೋಡ್ತೀನಿ. ಇದೂ ಹಂಗ ಆತಂದ್ರ ಇನ್ನ ನಿಮ್ಮ ಜೊತಿ ಟಾಕೀಸಿಗೆ ಬರಂಗಿಲ್ಲ ನೋಡ್ರಿ" ಎಂದು ಕೊಟ್ಟೂರಿನಲ್ಲಿ ಬಸ್ಸು ಹತ್ತುವಾಗಲೇ ಹೇಳಿದಳು. ಅದೇ ನಿರ್ದೇಶಕನ ಹೊಸ ಚಿತ್ರ, ಕಳ್ಳತನದ ನಗೆಕಥೆ. ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂಬ ನನ್ನ ನಿತ್ಯದ ಚಿಂತೆಯನ್ನೂ ಬದಿಗಿಟ್ಟು, ಹಗರಿಬೊಮ್ಮನಹಳ್ಳಿಯವರೆಗೆ ಅವಳ ಮಾತನ್ನೇ ಚಿಂತಿಸಿದೆ.

ಮಧ್ಯಾಹ್ನದ ಆಟ. ಕೈಚೀಲವನ್ನು ಕುರ್ಚಿಯಡಿ ತಳ್ಳಿ ಕುಳಿತೆವು. ಬೆಳಕಿನ ಕೋಲಿನಲ್ಲಿ ಧೂಳು ತೇಲುತ್ತಿತ್ತು. ಪರದೆಯ ಮೇಲೆ ಕಳ್ಳರು ಓಡಿದರು, ಬಿದ್ದರು, ಕಿರುಚಿದರು. ಅವರು ಬಾಯಿ ತೆರೆಯುವ ಮೊದಲೇ ಹಿನ್ನೆಲೆ ಸಂಗೀತ ನಕ್ಕುಬಿಡುತ್ತಿತ್ತು. ನಮಗೆ ಕೆಲಸ ಉಳಿದಿರಲಿಲ್ಲ. ನಾನು ಪರದೆ ಬಿಟ್ಟು ಅವಳ ತುಟಿಯನ್ನೇ ನೋಡುತ್ತ ಕುಳಿತೆ. ತುಟಿ ಅಲುಗಲಿಲ್ಲ. ಯಾವಾಗ ಮಂಪರು ಕವಿಯಿತೋ, ಅದರ ಅಂಚಿನಲ್ಲಿ ಗೆಜ್ಜೆ ಕೇಳಿಸಿತು. ಸಂಜೆ ಹೊಲದಿಂದ ಎತ್ತುಗಳು ಬರುವ ಹಾಗೆ, ಮೆಲ್ಲಗೆ, ನಿಂತು ನಿಂತು.

ಕಣ್ಣು ಮುಚ್ಚಿಕೊಂಡೇ ಅವಳನ್ನು ತಿವಿದೆ. "ಕೇಳಿದ್ಯಾ ಆ ಗೆಜ್ಜಿ? ಡೈರೆಕ್ಟರ್ ಎಲ್ಲಾ ಮರತಾನ ಅಂದ್ಕೊಂಡಿದ್ದೆ. ಕೈ ಹೋಗಿಲ್ಲ ನೋಡು ಅವಂದು!"

"ಹ್ಞೂಂ" ಎಂದಳು.

ದೀಪ ಹತ್ತಿ ಅವಳ ಮುಖ ಕಾಣುವ ಮುಂಚೆಯೇ ಪಾರಾಗೋಣವೆಂದು, ಕೊನೆಯ ಹಾಡಿನ ಅಬ್ಬರದಲ್ಲೇ ಕುರ್ಚಿಯಡಿಯ ಚೀಲ ಎಳೆದುಕೊಂಡು ಹೊರಬಿದ್ದೆ. ಬಿಸಿಲಿಗೆ ಬಂದಾಗ ಚೀಲ ಘಲ್ ಎಂದಿತು.

ಅದೇ ಸದ್ದು. ಒಳಗೆ, ಟೇಲರ್ ಹೊಲಿದುಕೊಟ್ಟ ಅವಳ ಜಂಪರ್ ಇರಲಿಲ್ಲ. ಎತ್ತಿನ ಕೊರಳಿಗೆ ಕಟ್ಟುವ ಗೆಜ್ಜೆಸರವಿತ್ತು. ಮೊನ್ನೆಯ ಮದುವೆಯಲ್ಲಿ ತಾಂಬೂಲ ತುಂಬಿ ಕೊಟ್ಟ ಹಳದಿ ಚೀಲ, ಸುತ್ತಲಿನ ಊರವರ ಕೈಯಲ್ಲೆಲ್ಲ ಈಗ ಅದೇ. ಹಿಂದೆ ಕೂತವರ ಕಾಲು ತಾಗಿದಾಗಲೆಲ್ಲ ಆ ಗೆಜ್ಜೆ ನುಡಿದಿತ್ತು.

"ಯಾರ ಚೀಲ ಕದ್ರಿ?" ಎಂದು ಬೆನ್ನಿಗೇ ಬಂದ ನನ್ನಾಕೆ ಬಾಯಿಗೆ ಸೆರಗು ಒತ್ತಿಕೊಂಡಳು. "ಅಯ್ಯ, ಇಡೀ ಸಿನಿಮಾದಾಗ ಚಲೋ ಇದ್ದದ್ದು ಅದೊಂದ! ಅದೂ ಹಿಂದಿನ ಸೀಟಿನವ್ರದು!"

ಅಷ್ಟರಲ್ಲಿ ರುಮಾಲಿನ ಹಿರಿಯರೊಬ್ಬರು ನಮ್ಮ ಚೀಲ ಹಿಡಿದು ಬಂದರು. "ತಮ್ಮಾ, ನಮ್ ಗೆಜ್ಜಿ ಕೊಡಪ್ಪಾ. ಈ ಜಂಪರ್ ನಮ್ ಎತ್ತಿಗೆ ಹಿಡಿಯಂಗಿಲ್ಲ."

ಅವಳು ಟಾಕೀಸಿನ ಮೆಟ್ಟಿಲ ಮೇಲೆ ಕುಸಿದು ಕುಳಿತಳು, ಕಣ್ಣೊರೆಸಿಕೊಂಡಳು.

ಊರಿಗೆ ಮರಳುವ ಬಸ್ಸು ಕೋಗಳಿ ಕಡೆ ಹೊರಳಿದ ಮೇಲೂ ಅವಳ ಭುಜ ಕುಲುಕುತ್ತಲೇ ಇತ್ತು. ಧೈರ್ಯ ಮಾಡಿ ಕೇಳಿದೆ: "ಮುಂದಿನ ಸಿನಿಮಾಕ್ಕ?"

"ಬರ್ತೀನಿ. ಚೀಲ ಮಾತ್ರ ಇದನ್ನ ತರ್ರಿ."

ಹೊಲಗಳ ಮೇಲೆ ಸಂಜೆ ಇಳಿಯುತ್ತಿತ್ತು. ಬೀಗದ ಚಿಂತೆ ಮೆಲ್ಲಗೆ ವಾಪಸು ಬಂತು, ಗೆಜ್ಜೆ ಕಟ್ಟಿಕೊಂಡು.