ಬೇಕರಿ ದೊಡ್ಡಮ್ಮ ಹಿಂದಿನ ಬೆಂಚಿಗೆ ಹೋದದ್ದು

ಊರಿನ ಕ್ರೈಸ್ತ ದೇವಾಲಯದಲ್ಲಿ ಬೇಕರಿ ದೊಡ್ಡಮ್ಮನ ಜಾಗವೆಂದರೆ ಮುಂದಿನಿಂದ ಎರಡನೆಯ ಬೆಂಚಿನ ತುದಿ. ಮದುವೆಯಾಗಿ ಬಂದಾಗಿನಿಂದ ಆಕೆ ಅಲ್ಲೇ ಕೂತವರು. ಗಂಡ ಸಭೆಯ ಹಿರಿಯರಲ್ಲೊಬ್ಬರು. ಇಬ್ಬರೂ ಸೇರಿ ನಡೆಸುವ ಬೇಕರಿ ದೇವಾಲಯದ ಹಿಂದಿನ ಬೀದಿಯಲ್ಲೇ ಇತ್ತು. ತಿಂಗಳ ಮೊದಲ ಭಾನುವಾರ, ಯೇಸುವಿನ ಕಡೆಯ ಊಟದ ನೆನಪಿಗೆ ಎಲ್ಲರೂ ಹಂಚಿಕೊಂಡು ತಿನ್ನುವ ಕರ್ತನ ಭೋಜನಕ್ಕೆ ಬೇಕಾದ ರೊಟ್ಟಿ ದೊಡ್ಡಮ್ಮನದೇ. ಅದರ ಹಿಟ್ಟನ್ನು ಆಕೆ ಮೆಷಿನ್ನಿಗೆ ಹಾಕುತ್ತಿರಲಿಲ್ಲ, ಕೈಯಲ್ಲೇ ನಾದುತ್ತಿದ್ದರು. ಬಾಯಿಗೆ ಬೀಗವಿಲ್ಲದ ಹೆಂಗಸು ಆ ಹೊತ್ತಿನಲ್ಲಿ ಮಾತ್ರ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಆ ರೊಟ್ಟಿಯ ಚೂರು ನಾಲಿಗೆಯ ಮೇಲೆ ಬೀಳುವ ಗಳಿಗೆಗಾಗಿ ತಿಂಗಳಿಡೀ ಕಾಯುತ್ತಿದ್ದರು.

ಅದೇ ಸಭೆಯ ಗಾಯಕ ವೃಂದದಲ್ಲಿ ಕನ್ನಡಕದ ಅಂಗಡಿಯವನೊಬ್ಬನಿದ್ದ. ನಲವತ್ತರ ಆಸುಪಾಸು, ಮುಂದಲೆಯಲ್ಲಿ ಕೂದಲು ಕಡಿಮೆ, ಕಂಠ ಮಾತ್ರ ಕಂಚು. ಸಭೆಯ ಮುದುಕರಲ್ಲಿ ಅರ್ಧದಷ್ಟು ಜನ ಅವನು ಕೊಟ್ಟ ಕನ್ನಡಕ ಹಾಕಿಕೊಂಡೇ ಬೈಬಲ್ ಓದುತ್ತಿದ್ದರು. ಅವನಿಗೆ ಮದುವೆಯಾಗಿಲ್ಲ ಎಂಬುದು ಅವನಿಗಿಂತ ಹೆಚ್ಚಾಗಿ ಮಿಕ್ಕವರ ತಲೆನೋವು. ಒಂದು ಪ್ರಾರ್ಥನಾ ಕೂಟದಲ್ಲಿ ಯಾರೋ, "ಈ ವರ್ಷವಾದ್ರೂ ಇವನಿಗೊಂದು ಒಳ್ಳೆ ಹುಡುಗಿ ಸಿಗಲಿ ಅಂತ ಬೇಡ್ಕೊಳ್ಳೋಣ" ಎಂದಾಗ ಅವನು ಎದ್ದು ನಿಂತ.

"ದಯವಿಟ್ಟು ಹಾಗೆ ಬೇಡ್ಕೋಬೇಡಿ. ನನ್ನ ಮನಸ್ಸು ಹುಡುಗಿಯರ ಕಡೆ ಹೋಗೋದಿಲ್ಲ. ನಮ್ಮನೇಲಿರೋ ಬಸ್ ಮೆಕ್ಯಾನಿಕ್ಕು ಬಾಡಿಗೆಗೆ ಇರೋನಲ್ಲ. ನಾವಿಬ್ಬರೂ ಒಬ್ಬರನ್ನೊಬ್ಬರು ಪ್ರೀತಿಸಿ ಜೊತೆಗಿರೋರು. ದೇವರಿಗೆ ಗೊತ್ತಿರೋದನ್ನ ನಿಮ್ಮಿಂದ ಮುಚ್ಚಿಟ್ಟುಕೊಂಡು ಇನ್ಮೇಲೆ ಹಾಡೋಕಾಗಲ್ಲ."

ಯಾರೋ ಕೆಮ್ಮಿದರು. ಪಾಸ್ಟರ್ ಹೇಗೋ ಆಮೆನ್ ಹೇಳಿ ಕೂಟ ಮುಗಿಸಿದರು.

ಹಿರಿಯರ ಸಮಿತಿ ಕೂತು ತೀರ್ಮಾನ ಮಾಡಿತು: ಅವನು ಆರಾಧನೆಗೆ ಬರಬಹುದು, ಆದರೆ ಹಾಡುವಂತಿಲ್ಲ, ಕರ್ತನ ಭೋಜನಕ್ಕೆ ಕೈಯೊಡ್ಡುವಂತಿಲ್ಲ. ಸುದ್ದಿ ತಂದ ಗಂಡನನ್ನು ದೊಡ್ಡಮ್ಮ ಕೇಳಿದರು, "ನೀವೂ ಕೈ ಎತ್ತಿದ್ರಾ?"

"ಎಲ್ಲರೂ ಎತ್ತಿದ್ರು ಕಣೆ."

"ನಾನು ಎಲ್ಲರ ಹೆಂಡತಿಯಲ್ಲ. ನಿಮ್ಮನ್ನ ಕೇಳ್ತಿರೋದು."

ಗಂಡ ಬನ್ನಿನ ಟ್ರೇ ಎತ್ತಿಕೊಂಡು ಒಲೆಯ ಕಡೆ ಸರಿದರು. ಉತ್ತರ ಸಿಕ್ಕಂತಾಯಿತು.

ಎಲ್ಲವೂ ದೊಡ್ಡಮ್ಮನಿಗೆ ಅರ್ಥವಾಗಿತ್ತು ಎಂದಲ್ಲ. ಗಂಡಸು ಗಂಡಸನ್ನು ಪ್ರೀತಿಸುವುದು ಹೇಗೆಂದು ಯೋಚಿಸಿದರೆ ಆಕೆಗೂ ತಲೆ ಗಿರ್ರೆನ್ನುತ್ತಿತ್ತು. ಆದರೆ ಆ ಮನುಷ್ಯ ಎಂಥವನೆಂದು ಗೊತ್ತಿತ್ತು. ಅತ್ತೆ ಹಾಸಿಗೆ ಹಿಡಿದಿದ್ದಾಗ ಅವನು ಕಣ್ಣು ಪರೀಕ್ಷೆಯ ಗಾಜುಗಳ ಪೆಟ್ಟಿಗೆ ಹೊತ್ತು ಮನೆಗೇ ಬಂದಿದ್ದ. ಗಾಜಿನ ಮೇಲೆ ಗಾಜು ಬದಲಿಸುತ್ತಾ, ಮುದುಕಿ ಮೊಮ್ಮಗಳ ಮುಖ ಕಂಡು ನಗುವವರೆಗೂ ಎದ್ದಿರಲಿಲ್ಲ. ಅಂಥವನಿಗೆ ತಾನು ನಾದಿದ ರೊಟ್ಟಿಯ ಒಂದು ಚೂರಿಲ್ಲ ಎಂಬ ಮಾತು ಆಕೆಯ ಗಂಟಲಲ್ಲಿ ಇಳಿಯಲಿಲ್ಲ.

ಮುಂದಿನ ತಿಂಗಳೂ ರೊಟ್ಟಿ ಸುಟ್ಟುಕೊಟ್ಟರು. ಆದರೆ ತಮ್ಮ ಬೆಂಚಿನ ಹತ್ತಿರ ನಿಲ್ಲದೆ, ಅವನು ಒಬ್ಬನೇ ಕೂತಿದ್ದ ಕಟ್ಟಕಡೆಯ ಬೆಂಚಿಗೆ ಹೋಗಿ, "ಸ್ವಲ್ಪ ಸರಿಯಪ್ಪ" ಎಂದು ಕೂತರು. ರೊಟ್ಟಿ ತೆಗೆದುಕೊಳ್ಳಲು ಎಲ್ಲರೂ ಎದ್ದು ಮುಂದೆ ಹೋದಾಗ ಏಳಲಿಲ್ಲ.

"ಹೋಗಿ ದೊಡ್ಡಮ್ಮ," ಅವನು ಪಿಸುಗುಟ್ಟಿದ. "ನನಗೋಸ್ಕರ ಹೀಗೆಲ್ಲ ಮಾಡ್ಬೇಡಿ. ನನಗೆ ಇನ್ನೂ ಸಂಕೋಚ ಆಗುತ್ತೆ."

"ನಿನಗೋಸ್ಕರ ಅಂತ ಯಾರು ಹೇಳಿದ್ರು? ಪಂಕ್ತಿಭೇದದ ಊಟ ನನಗೆ ಜೀರ್ಣ ಆಗಲ್ಲ. ಸುಮ್ನೆ ಕೂತ್ಕೋ."

ಬಾಯಲ್ಲಿ ಹಾಗೆಂದರೂ, ಒಬ್ಬೊಬ್ಬರೇ ಪಾಸ್ಟರ್ ಮುಂದೆ ಕೈಯೊಡ್ಡುವುದನ್ನು ನೋಡುತ್ತಾ ಆಕೆ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡರು. ಸ್ವಂತ ಮನೆಯ ಹೊಸ್ತಿಲಾಚೆ ನಿಂತ ಹಾಗಾಯಿತು. ಮನೆಗೆ ಬಂದು ಒಬ್ಬರೇ ಅತ್ತರು. ಮರುತಿಂಗಳು ಮತ್ತೆ ಅಲ್ಲೇ ಕೂತರು.

ಮಾತು ಹಬ್ಬಿತು. ಇಷ್ಟೆಲ್ಲ ಹಟವಿದ್ದರೆ ರೊಟ್ಟಿಯ ಕೆಲಸ ಬೇರೆಯವರಿಗೆ ಬಿಟ್ಟುಕೊಡಲಿ ಎಂದರು ಕೆಲವರು. "ರೊಟ್ಟಿ ಮೇಲೆ ನನಗೇನು ಸಿಟ್ಟು?" ಎಂದರು ದೊಡ್ಡಮ್ಮ. ಕಡೆಗೆ ಪಾಸ್ಟರೇ ಬೇಕರಿಗೆ ಬಂದರು.

"ಅಮ್ಮಾ, ನೀವು ಹೀಗೆ ಮಾಡಿದ್ರೆ ಸಭೆ ಒಡೆಯುತ್ತೆ."

"ಒಡೆದಾಗಿದೆ ಅಯ್ಯ. ನಾನು ಆ ಕಡೆ ಹೋಗಿ ಕೂತಿದ್ದೀನಿ, ಅಷ್ಟೇ." ಹಿಟ್ಟಿನ ಕೈ ಒರೆಸಿಕೊಂಡು ಆಕೆ ಮೆಲ್ಲಗೆ ಹೇಳಿದರು, "ಯಾರೂ ಸೇರಿಸದೇ ಇದ್ದೋರ ಜೊತೆಗೇ ಯೇಸುಸ್ವಾಮಿ ಊಟಕ್ಕೆ ಕೂತ್ರು ಅಂತ ನೀವೇ ತಾನೇ ಹೇಳೋದು? ನಾನು ನಂಬಿಬಿಟ್ಟೆ."

ಪಾಸ್ಟರ್ ಬೇಡದಿದ್ದರೂ ಒಂದು ಬ್ರೆಡ್ ಕಟ್ಟಿಸಿಕೊಂಡು ಹೋದರು.

ಮಳೆಗಾಲ ಮುಗಿದು ಚಳಿ ಬಂತು. ಒಂದು ಮೊದಲ ಭಾನುವಾರ ದೊಡ್ಡಮ್ಮನ ಪಕ್ಕದಲ್ಲಿ ಯಾರೋ ಧೊಪ್ಪೆಂದು ಕೂತರು. ತಿರುಗಿ ನೋಡಿದರೆ ಗಂಡ. ಆಕೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು. ಆ ವಾರ ಸಮಿತಿಯಲ್ಲಿ ಅವರು ಎದ್ದು ನಿಂತು, "ಅವತ್ತು ಎತ್ತಿದ ಕೈಯನ್ನ ಇವತ್ತು ಇಳಿಸ್ತಿದ್ದೀನಿ. ಅದು ನಾನು ಯೋಚನೆ ಮಾಡಿ ಎತ್ತಿದ್ದಲ್ಲ" ಎಂದರಂತೆ. ಪಾಸ್ಟರ್ ಅವರ ಜೊತೆ ನಿಂತರು. ವಾದ ಎಳೆದಾಡಿ, ಕೂದಲೆಳೆಯ ಅಂತರದಲ್ಲಿ ಹಳೆಯ ತೀರ್ಮಾನ ಬಿದ್ದುಹೋಯಿತು.

ಎರಡು ಕುಟುಂಬಗಳು ಸಭೆ ಬಿಟ್ಟವು. ದೊಡ್ಡಮ್ಮ ಬಿಸಿ ಬನ್ನು ಕಟ್ಟಿಕೊಂಡು ಎರಡೂ ಮನೆಗೆ ಹೋದರು. ಒಂದು ಮನೆಯವರು ಕೂರಿಸಿ ಮಾತಾಡಿದರು, ಇನ್ನೊಂದು ಮನೆಯವರು ಬಾಗಿಲು ತೆಗೆಯಲಿಲ್ಲ. ಬನ್ನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಬಂದರು. "ಅವರನ್ನೂ ಬಿಟ್ಟು ತಿನ್ನೋಕಾಗಲ್ವಲ್ಲ" ಎಂದರು ಗಂಡನಿಗೆ.

ಮತ್ತೆ ಮೊದಲ ಭಾನುವಾರ ಬಂತು. ಕನ್ನಡಕದವನನ್ನು ಮುಂದೆ ಬಿಟ್ಟು ದೊಡ್ಡಮ್ಮ ಅವನ ಹಿಂದೆ ನಡೆದರು. ಪಾಸ್ಟರ್ ಅವನ ಅಂಗೈಯಲ್ಲಿ ರೊಟ್ಟಿಯಿಟ್ಟರು. ದೊಡ್ಡಮ್ಮ ತಮ್ಮ ಚೂರನ್ನು ಕಣ್ಮುಚ್ಚಿ ಬಾಯಿಗಿಟ್ಟುಕೊಂಡರು. ಬೆಂಚಿಗೆ ಮರಳಿದ ಮೇಲೆ ಕಣ್ಣೊರೆಸಿಕೊಳ್ಳುತ್ತಾ ಗಂಡನ ಕಿವಿಯಲ್ಲಿ, "ಉಪ್ಪು ಕಡಿಮೆ ಹಾಕ್ತಿದ್ದೀನಿ ಕಣ್ರೀ. ಇಷ್ಟು ತಿಂಗಳು ಒಬ್ಬರಾದ್ರೂ ಹೇಳಬಾರದಿತ್ತಾ?" ಎಂದರು. ಇವಳಿಗೆ ಯಾರು ಹೇಳುತ್ತಾರೆ ಎಂದುಕೊಂಡು ಗಂಡ ನಗು ನುಂಗಿದರು.

ಕೆಲವು ವಾರಗಳ ನಂತರ ಅವನು ಗಾಯಕ ವೃಂದಕ್ಕೂ ಮರಳಿದ. ಆ ದಿನ ಅವನ ಹಾಡು ಕೇಳಲು ಮೆಕ್ಯಾನಿಕ್ ಮೊದಲ ಬಾರಿ ದೇವಾಲಯದ ಒಳಗೆ ಬಂದು, ಯಾರ ಮುಖವನ್ನೂ ನೋಡದೆ ಬಾಗಿಲ ಪಕ್ಕದಲ್ಲಿ ಮುದುಡಿ ಕೂತಿದ್ದ. ಎಷ್ಟು ತಿಕ್ಕಿದರೂ ಹೋಗದ ಗ್ರೀಸು ಉಗುರಿನ ಸಂದಿಯಲ್ಲಿತ್ತು. ದೊಡ್ಡಮ್ಮ ಎದ್ದು ಹೋಗಿ ಅವನ ಪಕ್ಕದಲ್ಲಿ ಕೂತು, ಹಾಡಿನ ಪುಸ್ತಕ ಬಿಡಿಸಿ, ಎಲ್ಲಿ ಹಾಡುತ್ತಿದ್ದಾರೆಂದು ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು.