ಮಾಸ್ತರು ಮುಗಿಸದ ಕಥೆ

ನಮ್ಮ ಕನ್ನಡ ಮಾಸ್ತರ ಕನ್ನಡಕಕ್ಕೆ ಒಂದೇ ಕಡ್ಡಿ. ಇನ್ನೊಂದರ ಜಾಗದಲ್ಲಿ ಕೆಂಪು ದಾರ ಕಟ್ಟಿ ಕಿವಿಗೆ ಸುತ್ತಿಕೊಳ್ಳುತ್ತಿದ್ದರು. ಶನಿವಾರ ಬೆಳಗಿನ ಶಾಲೆಯಲ್ಲಿ ತಾವೇ ಕಟ್ಟಿದ ಪತ್ತೇದಾರಿ ಕಥೆ ಹೇಳುವಾಗ, ಕಳ್ಳ ಇನ್ನೇನು ಸಿಕ್ಕ ಅನ್ನುವಷ್ಟರಲ್ಲಿ ಅದು ಮೂಗಿನಿಂದ ಜಾರುತ್ತಿತ್ತು. ಮತ್ತೆ ಏರಿಸಿಕೊಳ್ಳುವವರೆಗೆ ನಾವು ಉಸಿರು ಬಿಡುತ್ತಿರಲಿಲ್ಲ. ಕುರುಗೋಡಿನ ಆ ಶಾಲೆಗೆ ಶನಿವಾರ ಜ್ವರ ಬಂದವರೂ ಬರುತ್ತಿದ್ದರು.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಹೊಸ ಕಥೆ ಶುರುವಾಯಿತು. ತಾನು ಯಾರ ಮಗಳೆಂದು ಹುಡುಕುತ್ತ ಮನೆ ಬಿಟ್ಟು ಹೋಗುವ ಹುಡುಗಿಯದು. ನಮ್ಮನ್ನೂ ಪತ್ತೇದಾರರನ್ನಾಗಿ ಮಾಡಬೇಕೆಂದು ಮಾಸ್ತರಿಗೆ ಅದೆಂಥ ಹುಚ್ಚೋ! "ನೀವು ಹುಟ್ಟಿದ ದಿನ ಏನೇನಾತು ಅಂತ ಮನ್ಯಾಗ ಇಬ್ಬರನ್ನ ಬ್ಯಾರೆ ಬ್ಯಾರೆ ಕೇಳ್ಕೊಂಡು ಬರ್ರಿ. ಎರಡು ಮಾತು ಕೂಡದಿದ್ರ ಅಲ್ಲೇ ಐತಿ ಸುಳಿವು" ಎಂದರು.

ಕೇಳಿದೆ. ಅವ್ವ ಒಲೆಯ ಕಡೆ ಮುಖ ತಿರುಗಿಸಿ, "ಸಿರುಗುಪ್ಪದಾಗ, ನನ್ನ ತವರಮನ್ಯಾಗ ಹುಟ್ಟಿದಿ" ಅಂದಳು. ಅಜ್ಜಿ, "ಬಳ್ಳಾರಿ ದವಾಖಾನ್ಯಾಗ" ಅಂದಳು. ಶನಿವಾರ ಎದ್ದು ನಿಂತು ಎರಡನ್ನೂ ಒಪ್ಪಿಸಿದೆ.

"ಸುಳಿವು ಸಿಕ್ತು ಸರ!" ಇಡೀ ಕ್ಲಾಸು ಚಪ್ಪಾಳೆ ತಟ್ಟಿತು. "ಲೇ, ಇಕಿ ಆ ಮನಿ ಮಗಳಲ್ಲಲೇ!" ಎಂದು ಹಿಂದಿನಿಂದ ಯಾರೋ ಕೂಗಿದರು. ನಾನೂ ಎಲ್ಲರ ಜೊತೆ ನಗುತ್ತಿದ್ದೆ. ಮಾಸ್ತರ ಮುಖ ಕಂಡು ನಗು ನಿಂತಿತು. ಕನ್ನಡಕ ಜಾರಿತ್ತು, ಅವರು ಏರಿಸಿಕೊಳ್ಳಲೇ ಇಲ್ಲ.

ಅಂದೇ ನನ್ನ ಕೈ ಹಿಡಿದು ಮನೆಗೆ ಬಂದರು. ಸಂಗತಿ ಕೇಳಿ ಅವ್ವ ಬೆಂಕಿಯಾದಳು. "ನಿಮ್ಮ ಕಥಿಗೆ ನನ್ನ ಮಗಳೇ ಬೇಕಾಗಿದ್ಲೇನ್ರಿ? ಎಷ್ಟು ಜ್ವಾಕಿ ಮಾಡೀನಿ ಗೊತ್ತೇನ್ರಿ! ನಾಳೆ ಇಕಿನೂ ಹುಡುಕ್ಕೊಂತ ಹೋದ್ರ ನಾ ಏನ ಮಾಡ್ಲಿ?" ಆಮೇಲೆ ಅವರೆದುರಿಗೇ ನನಗೆ ಹೇಳಿದಳು. ದವಾಖಾನೆಯಲ್ಲಿ ಯಾರೋ ಬಿಟ್ಟು ಹೋದ ಕೂಸು ನಾನು.

ಮಾಸ್ತರು ಹೊಸ್ತಿಲಾಚೆ ಕೈ ಮುಗಿದು ನಿಂತಿದ್ದರು. "ತಪ್ಪಾತು ತಾಯಿ. ನಿಮ್ಮ ಮಗಳು ಹೇಳೋತನಕ ಆ ಕಥಿ ಮುಗಸಂಗಿಲ್ಲ."

ಅವರ ಮೇಲೆ ನನಗೆ ಬಹಳ ವರ್ಷ ಸಿಟ್ಟಿತ್ತು. ಬಳ್ಳಾರಿಯಲ್ಲಿ ಬಸ್ ಹತ್ತಿದರೆ ವಯಸ್ಸಾದ ಹೆಂಗಸರ ಮೂಗು, ಗದ್ದ ನೋಡುತ್ತೇನೆ, ಇವತ್ತಿಗೂ. ಅವ್ವನಿಗೆ ಅದು ಗೊತ್ತು. ಊರಿಗೆ ಹೋದಾಗಲೆಲ್ಲ ಮಾಸ್ತರು ಕೇಳುತ್ತಿದ್ದರು, "ಮುಗಸಲೇನವ್ವ?"

"ಈಗ ಬ್ಯಾಡ್ರಿ ಸರ."

"ಆತು. ನನಗೇನ ಅವಸರ ಐತಿ?"

ಊರೆಲ್ಲ ನನ್ನನ್ನು ಕಂಡು "ಪಾಪ" ಅನ್ನುತ್ತಿದ್ದಾಗ, ನನ್ನನ್ನು ಕೇಳಿ, ನನಗಾಗಿ ಕಾದವರು ಅವರೊಬ್ಬರೇ. ಆ ಋಣ ದೊಡ್ಡದು.

ಹೋದ ತಿಂಗಳು, ಮಾಸ್ತರು ತೀರಿಕೊಂಡರೆಂದು ಫೋನ್ ಬಂತು. ಅವ್ವನ ಜೊತೆ ಹೋದೆ. ಮಾಸ್ತರನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆತುಂಬ ವಿಭೂತಿ, ಕಣ್ಣಿಗೆ ಕನ್ನಡಕವಿರಲಿಲ್ಲ. ಅಂದಿನಿಂದ ಅವರೊಡನೆ ಮಾತು ಬಿಟ್ಟಿದ್ದ ಅವ್ವ ಹತ್ತಿರ ಹೋಗಿ ಬಾಗಿದಳು.

"ಸರ, ಆ ಹುಡುಗಿ ತಿರುಗಿ ಮನಿಗೆ ಬಂದ್ಲೇನ್ರಿ?"

ಮಂದಿ ಅವಳನ್ನು ಹಿಂದಕ್ಕೆ ಕರೆದರು. ಅವಳು ಕದಲಲಿಲ್ಲ, ಉತ್ತರಕ್ಕೆ ಕಾಯುತ್ತಿದ್ದಳು. ನಾನು ಹೋಗಿ ಅವಳ ರಟ್ಟೆ ಹಿಡಿದೆ.

"ಬಂದಾಳ ಯವ್ವಾ" ಎಂದೆ. "ನಡಿ, ಮನಿಗೆ ಹೋಗೂಣು."