ಮಾಮೂಲಿಗಿಂತ ಎಷ್ಟು ಸಲ ಜಾಸ್ತಿ?

ಒಂದು ಸೀನು ಬಂದರೆ ನ್ಯುಮೋನಿಯಾ ಎಂದು ನಂಬುವ ಜಾತಿ ನನ್ನದು. ಇಲ್ಲದ ಕಾಯಿಲೆಗಳಿಗೆಲ್ಲ ಐವತ್ತೆರಡು ವರ್ಷ ಹೆದರಿದವನಿಗೆ ಕರುಳಿನ ಕ್ಯಾನ್ಸರ್ ನಿಜವಾಗಿಯೂ ಬಂದಾಗ, ‘ನಾನು ಹೇಳಿರಲಿಲ್ಲವಾ’ ಎನ್ನಬೇಕೆನಿಸಿತ್ತು.

ಎರಡನೇ ಸುತ್ತಿನ ಕೀಮೋ ಆದಮೇಲೆ ಭೇದಿ ಹಿಡಿಯಿತು. ಡಲ್ಲಾಸ್‌ನ ಆಸ್ಪತ್ರೆಯವರು ಕೊಟ್ಟ ಹಾಳೆಯಲ್ಲಿ ಅದಕ್ಕೂ ದರ್ಜೆಗಳಿದ್ದವು. ದಿನಕ್ಕೆ ಮಾಮೂಲಿಗಿಂತ ಮೂರು ಸಲದವರೆಗೆ ಜಾಸ್ತಿಯಾದರೆ ಒಂದನೇ ದರ್ಜೆ, ನಾಲ್ಕರಿಂದ ಆರಾದರೆ ಎರಡು, ಏಳು ಮುಟ್ಟಿದರೆ ಮೂರು. ಮೂರಾದರೆ ಮುಂದಿನ ಕೀಮೋ ತಡೆಹಿಡಿಯುತ್ತಾರೆ. ಪಿಯುಸಿ ಪರೀಕ್ಷೆಗೆ ಓದಿದ ಹಾಗೆ ಬಾಯಿಪಾಠ ಮಾಡಿದ್ದೆ. ಒಂದು ವಾರ ತಪ್ಪಿದರೂ ಕ್ಯಾನ್ಸರ್ ಗೆದ್ದುಬಿಡುತ್ತದೆ ಎಂಬ ಭಯ. ಏನಾದರಾಗಲಿ, ಸೋಮವಾರದ ಕೀಮೋ ಬಿಡಬಾರದು ಎಂದು ಹಟ ಹಿಡಿದಿದ್ದೆ.

ಗುರುವಾರ ನರ್ಸ್ ಫೋನ್ ಮಾಡಿದಳು. ಹಿಂದಿನ ದಿನ ಎಷ್ಟು ಸಲ?

“ಒಂಬತ್ತು.” ಅದು ಸತ್ಯ.

“ಕೀಮೋಗೆ ಮುಂಚೆ?”

“ನಾಲ್ಕು. ನಾವು ಇಂಡಿಯನ್ಸ್ ನೋಡಿ, ಖಾರ ಜಾಸ್ತಿ.”

ಒಂಬತ್ತರಲ್ಲಿ ನಾಲ್ಕು ಹೋದರೆ ಐದು, ಎರಡನೇ ದರ್ಜೆ. ಇಡೀ ದೇಶದ ಹೊಟ್ಟೆಯ ಮಾನ ಕಳೆದು ಪಾಸಾಗಿದ್ದೆ.

ಸ್ಪೀಕರ್ ಹಾಕಿದ್ದೇ ತಪ್ಪಾಯಿತು. ಗಂಜಿ ಕಾಯಿಸುತ್ತಿದ್ದ ನನ್ನ ಧಾರವಾಡದ ಹೆಂಡತಿ ಸೌಟು ಹಿಡಿದೇ ಬಂದಳು.

“ಏನ್ರೀ ಇದು! ಇಪ್ಪತ್ತೆರಡು ವರ್ಷ ಆತು ಸಂಸಾರ ಮಾಡಾಕತ್ತಿ. ಮುಂಜಾನೆ ಚಾ ಕುಡದ ಮ್ಯಾಲೆ ಒಮ್ಮೆ. ಕೈಯಾಗ ಫೋನ್ ಇಲ್ಲಾಂದ್ರ ಅದೂ ಇಲ್ಲ. ನಾಲ್ಕಂತ ನಾಲ್ಕು!” ಫೋನಿಗೆ ಬಾಗಿ, “ಒನ್ಸ್, ಓನ್ಲಿ ಒನ್ಸ್” ಎಂದಳು.

ಎಂಟು ಜಾಸ್ತಿ. ಮೂರನೇ ದರ್ಜೆ. ಈಗಲೇ ಬನ್ನಿ ಎಂದಳು ನರ್ಸ್.

“ಕೀಮೋ ನಿಲ್ಲಿಸ್ತಾರೆ ಕಣೆ.”

“ನಿಂತ್ಕೊಳ್ಳಾಕ ತ್ರಾಣ ಇಲ್ಲ, ಕೀಮೋ ಬೇಕಂತ ಇವರಿಗೆ! ಶೂ ಹಾಕೊಳ್ರಿ ಮೊದಲ.”

ನಾವಿರುವ ಯೂಲೆಸ್‌ನಿಂದ ಡಲ್ಲಾಸ್‌ವರೆಗೆ ಅವಳೇ ಡ್ರೈವ್ ಮಾಡಿದಳು. ನಾನು ದಪ್ಪ ಟವೆಲ್ ಮೇಲೆ ಕೂತು, ಮುಂದಿನ ಗ್ಯಾಸ್ ಸ್ಟೇಷನ್ ಎಷ್ಟು ದೂರ ಎಂದಷ್ಟೇ ನೋಡುತ್ತಿದ್ದೆ. ಎರಡು ಕಡೆ ಇಳಿದೆ. ಎರಡನೆಯದರಲ್ಲಿ ಟಾಯ್ಲೆಟ್‌ಗೆ ಕ್ಯೂ ಇತ್ತು. ನನ್ನ ಮುಖ ನೋಡಿದ ಲಾರಿ ಡ್ರೈವರ್ ಒಬ್ಬ ಜಾಗ ಬಿಟ್ಟ.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಪೊಟ್ಯಾಸಿಯಂ ತೀರಾ ಇಳಿದಿತ್ತು. ಹೀಗೇ ಬಿಟ್ಟಿದ್ದರೆ ಕಿಡ್ನಿಗೆ ಪೆಟ್ಟು ಬೀಳುತ್ತಿತ್ತು, ಆಮೇಲೆ ಕೀಮೋ ಮಾತೇ ಎತ್ತುವಂತಿರಲಿಲ್ಲ ಎಂದರು ಡಾಕ್ಟರ್. ಭೇದಿ ನಿಲ್ಲಲಿ, ಒಂದು ವಾರ ಬಿಟ್ಟು, ಡೋಸ್ ಇಳಿಸಿ ಮುಂದುವರಿಸೋಣ.

ಮುಂದುವರಿಸೋಣ ಅಂದರಲ್ಲ, ಸಾಕಾಯಿತು. ಡ್ರಿಪ್ ಇಲ್ಲದ ಕೈಯಲ್ಲಿ ಫೋನ್ ಹಿಡಿದು, ಅದರ ಕ್ಯಾಲೆಂಡರಿನಲ್ಲಿ ಸೋಮವಾರದ ಕೀಮೋವನ್ನು ಅದರ ಮುಂದಿನ ಸೋಮವಾರಕ್ಕೆ ಸರಿಸಿದೆ. ಹೆಂಡತಿ ಗಂಜಿಯ ಡಬ್ಬಿ ತೆರೆದಳು. ಬೇಡವೆನ್ನದೆ ಪೂರ್ತಿ ಕುಡಿದೆ.